ನೆತ್ತರ ಓದು: ಸಿರಾವ್ಯಧದಿಂದ ರಕ್ತಪರೀಕ್ಷೆಯವರೆಗೆ

ಕನ್ನಡದಲ್ಲಿ ರಕ್ತವನ್ನು ಹೆಸರಿಸುವ ಶಬ್ದಗಳಿಗೆ ಕೊರತೆಯಿಲ್ಲ. ನೆತ್ತರು ಅಚ್ಚ ದ್ರಾವಿಡ ಮಾತು. ತೆಲುಗು, ತುಳು ಭಾಷೆಗಳಲ್ಲಿಯೂ ಅದರ ಸೋದರರೂಪಗಳಿವೆ. ಹಳಗನ್ನಡದ ಕೆನ್ನೀರ್ ಬಣ್ಣದಿಂದ ಹುಟ್ಟಿದ ಹೆಸರು. ಸಂಸ್ಕೃತದಿಂದ ಬಂದ ರಕ್ತ, ರುಧಿರ, ಶೋಣಿತಗಳಂತೂ ಸರಿಯೇ. ಆದರೆ ನಮ್ಮ ಕಾವ್ಯಗಳಲ್ಲಿ ಈ ಶಬ್ದಗಳು ಎಲ್ಲಿ ಬರುತ್ತವೆ ಎಂದು ಹುಡುಕಿದರೆ ಹೆಚ್ಚಿನವು ರಣರಂಗದಲ್ಲಿಯೇ ಸಿಕ್ಕುತ್ತವೆ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ದುಶ್ಶಾಸನನ ನೆತ್ತರು ಒಂದು ಪ್ರತಿಜ್ಞೆಯ ಪೂರೈಕೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆಯುವಾಗ ನೆತ್ತರು ನೆಲದ ಒಂದು ಗುಣವೇ ಆಗಿಬಿಟ್ಟಿದೆ. ತರಗತಿಯಲ್ಲಿ ಈ ಭಾಗಗಳನ್ನು ಮೂರು ದಶಕಗಳಿಂದ ಪಾಠ ಹೇಳುತ್ತಿದ್ದೇನೆ. ರೌದ್ರ, ಬೀಭತ್ಸ ಎಂದು ರಸದ ಹೆಸರು ಹೇಳಿ ಮುಂದಿನ ಪದ್ಯಕ್ಕೆ ಹೋಗುವುದು ನಮ್ಮ ರೂಢಿ. ರಕ್ತವೆಂಬುದು ಅಳೆಯಬಹುದಾದ, ಓದಬಹುದಾದ ಒಂದು ದ್ರವ್ಯವೆಂಬ ದೃಷ್ಟಿ ಕಾವ್ಯಕ್ಕೆ ಬೇಕಿರಲಿಲ್ಲ. ಆ ದೃಷ್ಟಿ ಇರುವುದು ವೈದ್ಯಗ್ರಂಥಗಳಲ್ಲಿ. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಕೀರ್ತಿವರ್ಮನ ಗೋವೈದ್ಯ, ಮಂಗರಾಜನ ಖಗೇಂದ್ರಮಣಿದರ್ಪಣ, ಇವು ಜೈನಕವಿಗಳು ಕನ್ನಡಕ್ಕೆ ಕೊಟ್ಟ ಶಾಸ್ತ್ರಕೃತಿಗಳೆಂದು ಸಾಹಿತ್ಯಚರಿತ್ರೆಯ ಪ್ರಶ್ನೋತ್ತರಕ್ಕೆ ಬಾಯಿಪಾಠ ಮಾಡಿಸುತ್ತೇವೆ. ತೆರೆದು ಓದುವವರು ಕಡಿಮೆ.

ನಾನು ಈ ಕಡೆ ಹೊರಳಿದ್ದು ಸಂಶೋಧನೆಯ ಆಸಕ್ತಿಯಿಂದಲ್ಲ, ಮನೆಯ ಅಗತ್ಯದಿಂದ. ಅದನ್ನು ಮುಂದೆ ಹೇಳುತ್ತೇನೆ.

ಸುಶ್ರುತಸಂಹಿತೆಯಲ್ಲಿ ರಕ್ತವು ಸಪ್ತಧಾತುಗಳಲ್ಲಿ ಎರಡನೆಯದು. ರಸದಿಂದ ರಕ್ತ, ರಕ್ತದಿಂದ ಮಾಂಸ, ಹೀಗೆ ಕ್ರಮ. ಕೆಟ್ಟ ರಕ್ತವನ್ನು ಹೊರಹಾಕುವುದು ಅಲ್ಲಿ ಚಿಕಿತ್ಸೆ. ವಾತದಿಂದ ಕೆಟ್ಟಿದ್ದರೆ ಕೊಂಬು, ಪಿತ್ತದಿಂದ ಕೆಟ್ಟಿದ್ದರೆ ಜಿಗಣೆ, ಕಫದಿಂದ ಕೆಟ್ಟಿದ್ದರೆ ಸೋರೆಬುರುಡೆ. ಜಿಗಣೆಗಳಲ್ಲಿ ಹನ್ನೆರಡು ಬಗೆ. ಆರು ವಿಷವುಳ್ಳವು, ಆರು ನಿರ್ವಿಷ. ಸಿರೆಯನ್ನು ಚುಚ್ಚಿ ರಕ್ತ ತೆಗೆಯುವ ಸಿರಾವ್ಯಧವನ್ನು ಶಲ್ಯತಂತ್ರದಲ್ಲಿ ಅರ್ಧ ಚಿಕಿತ್ಸೆಯೆಂದು ಎಣಿಸಿದ್ದಾರೆ. ಶಿಷ್ಯನು ರೋಗಿಯ ಮೈಮುಟ್ಟುವ ಮೊದಲು ಕೈ ಪಳಗಿಸಿಕೊಳ್ಳಬೇಕು. ಸಿರೆ ಚುಚ್ಚುವುದನ್ನು ಸತ್ತ ಪ್ರಾಣಿಯ ಸಿರೆಯ ಮೇಲೆ, ಇಲ್ಲವೇ ನೈದಿಲೆಯ ದಂಟಿನ ಮೇಲೆ ಅಭ್ಯಾಸ ಮಾಡಬೇಕೆಂದು ವಿಧಿ. ನಮ್ಮ ಕವಿಗಳಿಗೆ ತಾವರೆಯ ದಂಟು ನಾಯಿಕೆಯ ತೋಳಿಗೆ ಉಪಮಾನ. ವೈದ್ಯನಿಗೆ ಇಂಥ ದಂಟು ತೋಳಿನ ಬದಲಿಗೆ ಚುಚ್ಚಿ ಕಲಿಯುವ ವಸ್ತು. ಉಪಮಾನ ಒಂದೇ, ಬಳಕೆ ಬೇರೆ. ಅಲಂಕಾರ ಪಾಠ ಮಾಡುವವರು ಗಮನಿಸಬಹುದು.

ಆ ಕಾಲದಲ್ಲಿ ರಕ್ತವನ್ನು ಓದುತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. ನೊರೆಯಿದೆಯೇ, ತೆಳುವೇ, ಹೆಪ್ಪುಗಟ್ಟುತ್ತದೆಯೇ, ಬಣ್ಣವೇನು ಎಂದು ನೋಡಿ ದೋಷವನ್ನು ಊಹಿಸುತ್ತಿದ್ದರು. ಶುದ್ಧ ರಕ್ತದ ಬಣ್ಣ ಇಂದ್ರಗೋಪದಂತೆ ಎಂದಿದೆ. ಮೊದಲ ಮಳೆಗೆ ಹೊಲದಲ್ಲಿ ಕಾಣುವ, ಮಖಮಲ್ಲಿನಂಥ ಕೆಂಪು ಹುಳುವದು. ಆದರೆ ಆ ಓದು ಚಿಕಿತ್ಸೆಯ ಉಪಫಲ. ತೆಗೆಯುವುದು ಮುಖ್ಯ, ನೋಡುವುದು ಆಮೇಲೆ. ಇಂದಿನ ಪ್ರಯೋಗಾಲಯದಲ್ಲಿ ಈ ಕ್ರಮ ತಿರುಗುಮುರುಗಾಗಿದೆ. ಚಿಕಿತ್ಸೆಗೆಂದು ರಕ್ತ ಹರಿಸುವುದಿಲ್ಲ, ಓದುವುದಕ್ಕೆಂದೇ ನಾಲ್ಕು ಹನಿ ತೆಗೆಯುತ್ತಾರೆ.

ಕಳೆದ ಭಾದ್ರಪದದಲ್ಲಿ, ದಶಲಕ್ಷಣ ಪರ್ವದ ದಿನಗಳಲ್ಲಿ, ಮಸ್ಕಿಯಲ್ಲಿರುವ ನನ್ನ ಅಕ್ಕ ಬಸದಿಯ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳಂತೆ. ಆಕೆಗೆ 64 ವರ್ಷ. ಹತ್ತು ದಿನವೂ ಏಕಾಶನ, ಅಷ್ಟಮಿ ಚತುರ್ದಶಿಗೆ ಪೂರ್ಣ ಉಪವಾಸ. ದಣಿವಿಗೆ ಅದೇ ಕಾರಣವೆಂದು ಮನೆಯವರೆಲ್ಲ ನಂಬಿದ್ದರು. ನಾನು ಪಾಠ ಹೇಳುವ ಲಿಂಗಸುಗೂರಿಗೆ ಕರೆದುಕೊಂಡು ಬಂದು ವೈದ್ಯರಿಗೆ ತೋರಿಸಿದೆ. ಅವರು ಕೆಳರೆಪ್ಪೆಯನ್ನು ಎಳೆದು ನೋಡಿದರು, ಉಗುರು ನೋಡಿದರು, ರಕ್ತ ಪರೀಕ್ಷೆಗೆ ಚೀಟಿ ಬರೆದರು. ಅಕ್ಕ ಒಪ್ಪಲಿಲ್ಲ.

"ಇದ್ದ ರಕ್ತನೇ ಸಾಲದು ಅಂತಾರ, ಮತ್ತ ಅದನ್ನೂ ತಗೀತಾರ. ಇದೆಂಥಾ ಶಾಸ್ತ್ರ ತಮ್ಮಾ?" ಎಂದಳು.

ಇದು ಮೊದಲ ಆಕ್ಷೇಪ. ಇದಕ್ಕೆ ಉತ್ತರ ಸುಲಭ, ಅದು ಲೆಕ್ಕದ ಮಾತು. ವಯಸ್ಕರ ದೇಹದಲ್ಲಿ ತೂಕದ ಪ್ರತಿ ಕಿಲೋಗೆ ಸುಮಾರು 70 ಮಿಲಿಲೀಟರ್ ರಕ್ತವಿರುತ್ತದೆ. ಐವತ್ತು ಕಿಲೋ ತೂಗುವವರಲ್ಲಿ ಮೂರೂವರೆ ಲೀಟರ್. ಪರೀಕ್ಷೆಗೆ ಬೇಕಾದದ್ದು ಮೂರು ನಳಿಕೆ ಸೇರಿ ಹತ್ತು ಮಿಲಿಲೀಟರಿಗಿಂತ ಕಡಿಮೆ, ಅಂದರೆ ಎರಡು ಚಹಾ ಚಮಚೆ. ಆರೋಗ್ಯವಂತರ ಅಸ್ಥಿಮಜ್ಜೆ ಸೆಕೆಂಡಿಗೆ ಇಪ್ಪತ್ತು ಲಕ್ಷದಷ್ಟು ಕೆಂಪುಕಣಗಳನ್ನು ಮಾಡುತ್ತದೆ. ರಕ್ತದಾನಿಯೊಬ್ಬರು ಒಂದು ಸಲಕ್ಕೆ 350 ಮಿಲಿಲೀಟರ್ ಕೊಟ್ಟು ಎದ್ದು ಮನೆಗೆ ಹೋಗುತ್ತಾರೆ.

ಎರಡನೆಯ ಆಕ್ಷೇಪ ನನ್ನಂಥವರು ಉತ್ತರಿಸಬೇಕಾದದ್ದು. ಪರ್ವದಲ್ಲಿ ಮೈ ಚುಚ್ಚಿ ರಕ್ತ ತೆಗೆಸಿಕೊಳ್ಳುವುದು ಹಿಂಸೆಯಲ್ಲವೇ? ತೆಗೆದಿಟ್ಟ ರಕ್ತದಲ್ಲಿ ಅಂತರ್ಮುಹೂರ್ತದೊಳಗೆ ಸಮ್ಮೂರ್ಛನ ಜೀವಿಗಳು ಹುಟ್ಟಿ ಸಾಯುವುದಿಲ್ಲವೇ? ಈ ಮಾತನ್ನು ಯಾರೂ ಆಕೆಗೆ ಕಟ್ಟಿಕಲಿಸಿದ್ದಲ್ಲ. ಶ್ವೇತಾಂಬರ ಆಗಮವಾದ ಪ್ರಜ್ಞಾಪನೆಯಲ್ಲಿ ಸಮ್ಮೂರ್ಛನ ಮನುಷ್ಯರು ಹುಟ್ಟುವ ಸ್ಥಾನಗಳ ಪಟ್ಟಿಯಿದೆ, ಶೋಣಿತವೂ ಅದರಲ್ಲಿ ಸೇರಿದೆ. ನಮ್ಮ ಊರುಗಳಲ್ಲಿ ಮಾರವಾಡದ ವರ್ತಕ ಕುಟುಂಬಗಳೂ ದಿಗಂಬರ ಕುಟುಂಬಗಳೂ ಅಕ್ಕಪಕ್ಕದಲ್ಲಿರುವುದರಿಂದ ಇಂಥ ನಂಬಿಕೆಗಳು ಪಂಥದ ಗೆರೆ ದಾಟಿ ಓಡಾಡುತ್ತವೆ. "ಅದೆಲ್ಲ ಏನೂ ಇಲ್ಲ, ಸುಮ್ಮನೆ ಕೈ ಚಾಚು" ಎಂದು ಗದರಿಸುವುದು ಆಕೆಯ ಅರವತ್ತು ವರ್ಷದ ವ್ರತನಿಷ್ಠೆಗೆ ಮಾಡುವ ಅವಮಾನವೆಂದು ನನಗೆ ತೋರಿತು. ಶಾಸ್ತ್ರದ ಪ್ರಶ್ನೆಗೆ ಶಾಸ್ತ್ರದಿಂದಲೇ ಉತ್ತರ ಕೊಡಬೇಕು.

ಉತ್ತರ ತತ್ತ್ವಾರ್ಥಸೂತ್ರದ ವ್ಯಾಖ್ಯಾನದಲ್ಲಿಯೇ ಇದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿ, ಆರನೆಯ ಅಧ್ಯಾಯದ ಹನ್ನೊಂದನೆಯ ಸೂತ್ರ. ದುಃಖ, ಶೋಕ, ತಾಪ ಮುಂತಾದವನ್ನು ತನಗಾಗಲಿ ಪರರಿಗಾಗಲಿ ಉಂಟುಮಾಡುವುದು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಸೂತ್ರ ಹೇಳುತ್ತದೆ. ಹಾಗಾದರೆ ಉಪವಾಸ, ಕೇಶಲೋಚಗಳೂ ದುಃಖವಲ್ಲವೇ ಎಂಬ ಪೂರ್ವಪಕ್ಷ ಏಳುತ್ತದೆ. ಪೂಜ್ಯಪಾದರು ವೈದ್ಯನ ದೃಷ್ಟಾಂತ ಕೊಡುತ್ತಾರೆ: ಪರಮ ಕರುಣೆಯುಳ್ಳ ವೈದ್ಯನೊಬ್ಬನು ಸಂಯಮಿಯೊಬ್ಬನ ಕುರುವನ್ನು ಸೀಳಿದರೆ ನೋವಾಗುವುದು ನಿಜ, ಆದರೆ ಹೊರಗಿನ ಆ ನಿಮಿತ್ತಮಾತ್ರದಿಂದ ಪಾಪಬಂಧವಿಲ್ಲ, ಏಕೆಂದರೆ ಅವನಲ್ಲಿ ಕ್ರೋಧಾದಿಗಳಿಲ್ಲ. ಹಿಂಸೆಯ ಲಕ್ಷಣವನ್ನು ಹೇಳುವ ಏಳನೆಯ ಅಧ್ಯಾಯದ ಸೂತ್ರದಲ್ಲೂ ಪ್ರಮತ್ತಯೋಗವೆಂಬ ವಿಶೇಷಣವೇ ಮುಖ್ಯ. ಪ್ರಮಾದವಿಲ್ಲದೆ, ನೋಡಿ ಹೆಜ್ಜೆಯಿಟ್ಟ ಮುನಿಯ ಕಾಲಡಿ ಕೀಟ ಸಿಕ್ಕರೂ ಅವನಿಗೆ ಆ ನಿಮಿತ್ತದ ಬಂಧವಿಲ್ಲವೆಂಬ ಗಾಥೆಯನ್ನು ಅಲ್ಲಿ ಉದಾಹರಿಸಿದ್ದಾರೆ. ಇದೇ ಪೂಜ್ಯಪಾದರನ್ನು ಪರಂಪರೆ ವೈದ್ಯಗ್ರಂಥಕಾರರೆಂದೂ ನೆನೆಯುತ್ತದೆ. ಸೋಮನಾಥನು ಕನ್ನಡಕ್ಕೆ ತಂದದ್ದು ಅವರ ಹೆಸರಿನ ಕಲ್ಯಾಣಕಾರಕವನ್ನೇ. ಕುರು ಸೀಳುವ ವೈದ್ಯನ ದೃಷ್ಟಾಂತ ಅವರಿಗೆ ಹೊಳೆದದ್ದು ಆಕಸ್ಮಿಕವಲ್ಲವೇನೋ.

ಅಕ್ಕ ಇದನ್ನು ಪೂರ್ತಿ ಕೇಳಿ, "ಕುರು ಇದ್ರ ಸೀಳಬೇಕು. ನನಗೆಲ್ಲಿ ಕುರು ಅದ?" ಎಂದಳು. ಪೂರ್ವಪಕ್ಷ ಬಲವಾದದ್ದೇ. ಕುರು ಒಳಗಿದ್ದರೆ ಹೇಗೆ ಗೊತ್ತಾಗಬೇಕು, ಅದನ್ನು ನೋಡುವುದಕ್ಕೇ ರಕ್ತ ಎಂದೆ. ಮರುದಿನ ಕೈ ಚಾಚಿದಳು.

ಪರೀಕ್ಷೆಯ ಪಟ್ಟಿಯಲ್ಲಿ ಸಕ್ಕರೆಯೂ ಇದ್ದುದರಿಂದ ಎಂಟರಿಂದ ಹನ್ನೆರಡು ಗಂಟೆ ಬರಿಹೊಟ್ಟೆಯಲ್ಲಿರಬೇಕಿತ್ತು. ಹಿಮೋಗ್ಲೋಬಿನ್ ನೋಡಲು ಉಪವಾಸ ಬೇಕಿಲ್ಲ, ಸಕ್ಕರೆಗೆ ಬೇಕು. ರಾತ್ರಿಭೋಜನ ತ್ಯಾಗವಿರುವ ಮನೆಗಳಲ್ಲಿ ಇದಕ್ಕೆ ಪ್ರತ್ಯೇಕ ಸಿದ್ಧತೆಯೇ ಬೇಡ. ಸೂರ್ಯಾಸ್ತಕ್ಕೆ ಮೊದಲು ಉಂಡವರು ಬೆಳಗಿನ ಏಳಕ್ಕೆ ತಾವಾಗಿಯೇ ಹದಿಮೂರು ಗಂಟೆ ದಾಟಿರುತ್ತಾರೆ. ಆದರೆ ಒಂದು ತೊಡಕಿದೆ. ಪ್ರಯೋಗಾಲಯದ ಉಪವಾಸದಲ್ಲಿ ಬರೀ ನೀರು ಕುಡಿಯಬಹುದು, ಕುಡಿಯಲೇಬೇಕು. ನಮ್ಮ ಚತುರ್ವಿಧಾಹಾರ ತ್ಯಾಗದಲ್ಲಿ ನೀರೂ ಸೇರಿದೆ. ನೀರಿಲ್ಲದ ದೇಹದಲ್ಲಿ ಸಿರೆ ಕುಗ್ಗಿರುತ್ತದೆ. ರಕ್ತ ಮಂದವಾಗಿ ಹಿಮೋಗ್ಲೋಬಿನ್ ಇದ್ದುದಕ್ಕಿಂತ ತುಸು ಹೆಚ್ಚೇ ಕಾಣಬಹುದು. ರಕ್ತ ತೆಗೆಯುವ ಹುಡುಗಿ ಒಂದು ತೋಳನ್ನು ತಡವಿ, "ಅಮ್ಮಾರ, ನರ ಸಿಗವಲ್ದು" ಎಂದಳು. ಕನ್ನಡದಲ್ಲಿ ನಾವು ಸಿರೆ, ಸ್ನಾಯುರಜ್ಜು, ನರತಂತು ಎಲ್ಲವನ್ನೂ ನರ ಎಂದೇ ಕರೆಯುತ್ತೇವೆ. ಆಕೆ ಹುಡುಕುತ್ತಿದ್ದುದು ಸಿರೆಯನ್ನು. ಸೂರ್ಯೋದಯವಾಗಿ ಎರಡು ಗಳಿಗೆ ಕಳೆಯಲೆಂದು ಕಾದು, ಅಕ್ಕನಿಗೆ ಎರಡು ಲೋಟ ಸೋಸಿದ ನೀರು ಕುಡಿಸಿದ ಮೇಲೆ ಮೊಣಕೈ ಒಳಮಡಿಕೆಯಲ್ಲಿ ಅದು ಕಾಣಿಸಿಕೊಂಡಿತು.

ಧಮನಿಯನ್ನು ಬಿಟ್ಟು ಸಿರೆಯನ್ನೇ ಚುಚ್ಚುವುದಕ್ಕೆ ಕಾರಣವಿದೆ. ಸಿರೆ ಚರ್ಮದ ಹತ್ತಿರವಿದೆ, ಅದರಲ್ಲಿ ಒತ್ತಡ ಕಡಿಮೆ, ಹತ್ತಿ ಒತ್ತಿ ಹಿಡಿದರೆ ನಿಲ್ಲುತ್ತದೆ. ಮೇಲ್ತೋಳಿಗೆ ಬಿಗಿಯುವ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರಬಾರದು. ಇದ್ದರೆ ರಕ್ತದ ನೀರಿನಂಶ ಸಿರೆಯಿಂದ ಹೊರಗೆ ಜಿನುಗಿ ಅಂಕಿಗಳು ಕೆಡುತ್ತವೆ. ಸ್ಪಿರಿಟ್ ಆರಿದ ಮೇಲೆಯೇ ಚುಚ್ಚಬೇಕು. ಬಂದ ರಕ್ತ ಕಪ್ಪುಗೆಂಪಾಗಿರುವುದನ್ನು ಕಂಡು ಕೆಲವರು "ಕೆಟ್ಟ ರಕ್ತ" ಎನ್ನುತ್ತಾರೆ. ಕೆಟ್ಟದ್ದೇನಿಲ್ಲ, ಆಮ್ಲಜನಕವನ್ನು ಅಂಗಾಂಗಗಳಿಗೆ ಕೊಟ್ಟು ಮರಳುವ ರಕ್ತದ ಬಣ್ಣವೇ ಅದು.

ನಳಿಕೆಗಳ ಮುಚ್ಚಳದ ಬಣ್ಣಗಳನ್ನು ನಾನು ಅಲ್ಲಿಯೇ ಕೇಳಿ ತಿಳಿದುಕೊಂಡೆ. ಕೆಂಪು ಅಥವಾ ಹಳದಿ ಮುಚ್ಚಳದ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟಲು ಬಿಡುತ್ತಾರೆ; ಅರ್ಧ ತಾಸಿನ ನಂತರ ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಮೇಲೆ ನಿಂತ ತಿಳಿಯನ್ನು, ಅಂದರೆ ಸೀರಮ್ಮನ್ನು, ಪರೀಕ್ಷಿಸುತ್ತಾರೆ. ನೇರಳೆ ಮುಚ್ಚಳದ್ದರಲ್ಲಿ ಇಡಿಟಿಎ ಎಂಬ ಲವಣವಿರುತ್ತದೆ; ಅದು ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುವುದರಿಂದ ರಕ್ತ ಹೆಪ್ಪುಗಟ್ಟುವುದಿಲ್ಲ, ಕಣಗಳನ್ನು ಎಣಿಸಬಹುದು. ಬೂದು ಮುಚ್ಚಳದ್ದು ಸಕ್ಕರೆಗೆ. ಅದರೊಳಗಿರುವುದು ಸೋಡಿಯಂ ಫ್ಲೋರೈಡ್.

ಫ್ಲೋರೈಡ್ ಎಂಬ ಮಾತು ಕೇಳಿದ ಕೂಡಲೇ ನಮ್ಮ ರಾಯಚೂರು ಜಿಲ್ಲೆಯವರ ಕಿವಿ ನಿಮಿರುತ್ತದೆ. ಇಲ್ಲಿನ ಎಷ್ಟೋ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಹಲ್ಲು ಹಳದಿಗಟ್ಟಿದವರನ್ನು, ಮೂಳೆ ಗಡುಸಾಗಿ ಬಗ್ಗಲಾರದವರನ್ನು ನೋಡುತ್ತ ಬೆಳೆದವರು ನಾವು. ಅದೇ ಫ್ಲೋರೈಡ್ ನಳಿಕೆಯಲ್ಲಿ ಉಪಕಾರಿ. ಮೈಯಿಂದ ಹೊರಬಂದ ರಕ್ತದ ಕಣಗಳು ತಕ್ಷಣ ಸಾಯುವುದಿಲ್ಲ. ಅವು ಬದುಕಿದ್ದು ಸುತ್ತಲಿನ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಹಾಗೆಯೇ ಇಟ್ಟರೆ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಸಕ್ಕರೆ ಇಳಿದುಹೋಗುತ್ತದೆ. ಫ್ಲೋರೈಡ್ ಕ್ರಮೇಣ ಆ ತಿನ್ನುವಿಕೆಯನ್ನು ತಡೆಯುತ್ತದೆ. ತೆಗೆದಿಟ್ಟ ರಕ್ತದಲ್ಲಿ ಜೀವವ್ಯಾಪಾರ ನಡೆದಿರುತ್ತದೆಯೆಂಬ ಅಕ್ಕನ ಮಾತು ಬೇರೆ ಅರ್ಥದಲ್ಲಿ ಸುಳ್ಳಲ್ಲ ಎನ್ನಿಸಿ, ಅದನ್ನು ಆಕೆಗೆ ಹೇಳಲೋ ಬೇಡವೋ ಎಂದು ಯೋಚಿಸಿ, ಆ ದಿನ ಹೇಳಲಿಲ್ಲ.

ಚುಚ್ಚಿದ ಮೇಲೆ ಹುಡುಗಿ ಮಾಡಿದ ಮೊದಲ ಕೆಲಸ ನಳಿಕೆಗಳ ಮೇಲೆ ಹೆಸರು ಬರೆದದ್ದು; ಅಕ್ಕನ ಬಾಯಿಂದಲೇ ಹೆಸರು, ವಯಸ್ಸು ಹೇಳಿಸಿ, ಎದುರಿಗೇ ಬರೆದಳು. ಹೆಸರಿನ ಬೆಲೆಯನ್ನು ಮಸ್ಕಿಯವರಿಗೆ ಯಾರೂ ಹೇಳಬೇಕಿಲ್ಲ. ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳ ಶಾಸನಗಳು ದೇಶದ ತುಂಬ ಸಿಕ್ಕಿದ್ದರೂ ಆ ಅರಸ ಯಾರೆಂಬುದನ್ನು ಸಿಂಹಳದ ವೃತ್ತಾಂತಗಳ ಆಧಾರದಿಂದ ಊಹಿಸಬೇಕಾಗಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಗುಡ್ಡದಲ್ಲಿ ಕಂಡ ಬಂಡೆಯ ಮೇಲೆ ಅಶೋಕನೆಂಬ ಹೆಸರೇ ಇದ್ದುದರಿಂದ ಊಹೆ ನಿರ್ಣಯವಾಯಿತು. ಹೆಸರಿಲ್ಲದ ನಳಿಕೆಯ ಅಂಕಿಗಳು ಎಷ್ಟೇ ನಿಖರವಾಗಿದ್ದರೂ ಅನಾಮಧೇಯ ಶಾಸನದಂತೆಯೇ. ಅದಕ್ಕಿಂತ ಅಪಾಯಕಾರಿ ಬೇರೆಯವರ ಹೆಸರು ಬಿದ್ದದ್ದು.

ಪ್ರಯೋಗಾಲಯದ ತಪ್ಪುಗಳಲ್ಲಿ ಹೆಚ್ಚಿನವು ಯಂತ್ರಕ್ಕೆ ಹೋಗುವ ಮೊದಲೇ ಆಗುತ್ತವೆ ಎನ್ನುತ್ತಾರೆ. ಗ್ರಂಥಸಂಪಾದನೆ ಮಾಡಿದವರಿಗೆ ಇದು ಹೊಸದಲ್ಲ. ಪಾಠ ಕೆಡುವುದು ಲಿಪಿಕಾರನ ಕೈಯಲ್ಲಿ. ಬಂಧುಗಳೊಬ್ಬರಿಗೆ ಹಿಂದೊಮ್ಮೆ ಒಂದು ಪ್ರಯೋಗಾಲಯದವರು ಪೊಟ್ಯಾಸಿಯಂ 6.2 ಎಂದು ವರದಿ ಕೊಟ್ಟು ಮನೆಯವರೆಲ್ಲ ರಾತ್ರಿಯಿಡೀ ಹೆದರಿದ್ದರು. ಬೇರೆಡೆ ಮತ್ತೆ ತೆಗೆಸಿದಾಗ 4.3. ಸಣ್ಣ ಸೂಜಿಯಿಂದ ಜೋರಾಗಿ ಎಳೆದರೆ, ನಳಿಕೆಯನ್ನು ಕುಲುಕಿದರೆ ಕೆಂಪುಕಣಗಳು ಒಡೆದು ಒಳಗಿನ ಪೊಟ್ಯಾಸಿಯಂ ತಿಳಿಗೆ ಸೇರುತ್ತದೆ. ತಿಳಿ ಕೆಂಪಾಗಿ ಕಂಡರೆ ಅಲ್ಲಿಯೇ ಅನುಮಾನಿಸಬೇಕಿತ್ತು.

ಅಕ್ಕನ ವರದಿ ಸಂಜೆಗೆ ಬಂತು. ಹಿಮೋಗ್ಲೋಬಿನ್ 6.4. ಗರ್ಭಿಣಿಯಲ್ಲದ ಹೆಂಗಸರಿಗೆ ಅದು 12ಕ್ಕಿಂತ ಕಡಿಮೆಯಿರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗೆರೆ. 8ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ. ನನಗೆ ಇದಿಷ್ಟೇ ಕಂಡಿತ್ತು. ವೈದ್ಯರು ಉಳಿದ ಸಾಲುಗಳನ್ನು ಓದಿದರು. ಕೆಂಪುಕಣಗಳ ಸರಾಸರಿ ಗಾತ್ರ 62. ಅದು 80ರಿಂದ 100ರ ನಡುವೆ ಇರಬೇಕು. ಕಣ ಸಣ್ಣದಾಗಿದೆಯೆಂದರೆ ಕಬ್ಬಿಣದ ಕೊರತೆಯ ಕಡೆಗೆ ಬೆರಳು. ಹಾಲು ಮೊಸರನ್ನೂ ಸರಿಯಾಗಿ ತೆಗೆದುಕೊಳ್ಳದ ಸಸ್ಯಾಹಾರಿಗಳಲ್ಲಿ ಕಾಣುವ ಬಿ12 ಕೊರತೆಯಲ್ಲಿ ಕಣಗಳು ದೊಡ್ಡದಾಗುತ್ತವೆ, ಇಲ್ಲಿ ಹಾಗಿಲ್ಲ. ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ 5; ಅಂದರೆ ಕಣಜ ಖಾಲಿ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.3 ಎಂದಿತ್ತು, ಮಧುಮೇಹದ ಹೊಸ್ತಿಲು. ವೈದ್ಯರು ಅದನ್ನು ಸದ್ಯ ನಂಬಲಿಲ್ಲ. ಆ ಪರೀಕ್ಷೆ ಕೆಂಪುಕಣದ ಸುಮಾರು 120 ದಿನದ ಆಯುಷ್ಯವನ್ನು ಆಧರಿಸಿದ್ದು, ಕಬ್ಬಿಣದ ಕೊರತೆಯಲ್ಲಿ ಅದು ಸುಳ್ಳಾಗಿಯೇ ಏರಬಲ್ಲದು. ಒಂದು ಸಾಲಿನ ಅರ್ಥವನ್ನು ಇನ್ನೊಂದು ಸಾಲು ತಿದ್ದುತ್ತದೆ. ನಯವನ್ನು ಬಿಟ್ಟು ಪ್ರಮಾಣ ಹೇಳಬಾರದೆಂದು ನಮ್ಮ ತಾರ್ಕಿಕರು ಹೇಳುವುದು ಇಂಥ ಕಡೆಯೇ.

ವರದಿಯ ಪಕ್ಕದಲ್ಲಿ ಅಚ್ಚಾಗುವ "ಸಾಮಾನ್ಯ ಮಿತಿ"ಯನ್ನೂ ಹಾಗೆಯೇ ಓದಬೇಕು. ಆರೋಗ್ಯವಂತರಲ್ಲಿ ನೂರಕ್ಕೆ ತೊಂಬತ್ತೈದು ಮಂದಿಯ ಅಂಕಿಗಳು ಬೀಳುವ ಹರವು ಅದು. ಉಳಿದ ಐವರು ರೋಗಿಗಳಲ್ಲ. ಪರಸ್ಪರ ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಒಮ್ಮೆಗೇ ಮಾಡಿಸಿದರೆ ಪೂರ್ಣ ಆರೋಗ್ಯವಂತನಿಗೂ ಒಂದಾದರೂ ಅಂಕಿ ಮಿತಿ ಮೀರುವ ಸಂಭವ ನೂರಕ್ಕೆ ಅರವತ್ತನಾಲ್ಕು. ಸಿಂಧನೂರು, ಲಿಂಗಸುಗೂರುಗಳ ಗೋಡೆಗಳ ಮೇಲೆ ಈಗ ಕಾಣುವ "ಪೂರ್ಣ ದೇಹ ತಪಾಸಣೆ"ಯ ರಿಯಾಯಿತಿ ಫಲಕಗಳನ್ನು ನೋಡಿದಾಗ ಈ ಲೆಕ್ಕ ನೆನಪಾಗುತ್ತದೆ. ಕೇಳಬೇಕಾದ ಪ್ರಶ್ನೆಯಿಲ್ಲದೆ ರಕ್ತವನ್ನು ಓದಿಸುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಇಲ್ಲಿ ಪ್ರಶ್ನೆಯಿತ್ತು. ಮುಟ್ಟು ನಿಂತು ಎಷ್ಟೋ ವರ್ಷವಾದ ಹೆಂಗಸಿನಲ್ಲಿ ಕಬ್ಬಿಣ ಇಷ್ಟು ಬರಿದಾಗಬೇಕಾದರೆ ರಕ್ತ ಎಲ್ಲೋ ಸೋರುತ್ತಿರಬೇಕು. ಮೊಣಕಾಲು ನೋವಿಗೆ ಏನಾದರೂ ಗುಳಿಗೆ ತೆಗೆದುಕೊಳ್ಳುತ್ತೀರಾ ಎಂದು ವೈದ್ಯರು ಕೇಳಿದರು. ಎರಡು ವರ್ಷದಿಂದ, ಔಷಧದ ಅಂಗಡಿಯಿಂದ ತರಿಸಿ, ದಿನಕ್ಕೊಂದು; ಏಕಾಶನದ ದಿನಗಳಲ್ಲಿ ಬರಿಹೊಟ್ಟೆಯಲ್ಲಿ. ಮಲ ಕಪ್ಪಾಗುತ್ತಿತ್ತೇ? ಅಕ್ಕ ನನ್ನ ಮುಖ ನೋಡಿದಳು. ನಾನು ಹೊರಗೆ ಬಂದೆ. ಮೂರು ತಿಂಗಳಿಂದ ಆಗುತ್ತಿತ್ತೆಂದು, ಯಾರ ಮುಂದೆ ಹೇಳುವುದೆಂದು ಸುಮ್ಮನಿದ್ದಳೆಂದು ವೈದ್ಯರಿಂದ ಆಮೇಲೆ ತಿಳಿಯಿತು. ರಾಯಚೂರಿನಲ್ಲಿ ಎಂಡೋಸ್ಕೋಪಿ ಮಾಡಿಸಿದಾಗ ಜಠರದಲ್ಲಿ ಹುಣ್ಣು ಕಂಡಿತು. ಪೂಜ್ಯಪಾದರ ಕುರು ಅಲ್ಲಿತ್ತು. ಎರಡು ಚಮಚೆ ರಕ್ತ ಕೊಡಲು ಒಪ್ಪದವಳು ದಿನವೂ ಅಷ್ಟಷ್ಟೇ ಕಳೆದುಕೊಳ್ಳುತ್ತಿದ್ದಳು.

ಆಮೇಲೆ ಬಂದದ್ದು ಮೂರನೆಯ ಆಕ್ಷೇಪ, ಎಲ್ಲಕ್ಕಿಂತ ಕಠಿಣವಾದದ್ದು. ಒಂದು ಬಾಟಲಿ ರಕ್ತ ಏರಿಸಬೇಕೆಂದರು. "ಯಾರದ್ದು ಅದು?" ಎಂದು ಅಕ್ಕ ಕೇಳಿದಳು. ಉಣ್ಣುವವರ ಊಟವೇ ರಕ್ತವಾಗುವುದೆಂದು ನಂಬಿದ ವ್ರತಿಯೊಬ್ಬಳು ಇದನ್ನು ಕೇಳುವುದು ಸಹಜ. ಜಾತಿಯ ಪ್ರಶ್ನೆಯೂ ಅದರೊಳಗೆ ಅಡಗಿದೆ ಎಂಬುದನ್ನು ನಾನು ಮುಚ್ಚಿಡಲಾರೆ. ನಮ್ಮ ಸೀಮೆಯಲ್ಲಿ ಅದು ಅಡಗದ ಪ್ರಶ್ನೆ ಕಡಿಮೆ. ನಾನು ಚೀಲದ ಚೀಟಿಯನ್ನು ಓದಿ ಹೇಳಿದೆ: ಗುಂಪು ಓ ಪಾಸಿಟಿವ್, ತೆಗೆದ ದಿನಾಂಕ, ಮುಗಿಯುವ ದಿನಾಂಕ, ಯಾವ ಯಾವ ಸೋಂಕುಗಳ ಪರೀಕ್ಷೆಯಾಗಿದೆ ಎಂಬ ವಿವರ, ಒಂದು ಸಂಖ್ಯೆ. ಕೊಟ್ಟವರ ಹೆಸರಿರಲಿಲ್ಲ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಗುರುತಿಸಿದ ಗುಂಪುಗಳು ಕುಲವನ್ನು ಅನುಸರಿಸುವುದಿಲ್ಲ. ಒಡಹುಟ್ಟಿದವನಾದರೂ ನನ್ನದು ಬಿ ಗುಂಪು, ಅಕ್ಕನಿಗೆ ಬರುವುದಿಲ್ಲ, ಅಪರಿಚಿತನದು ಬರುತ್ತದೆ. ರಕ್ತಸಂಬಂಧವೆಂಬ ಮಾತನ್ನು ಇನ್ನು ಮುಂದೆ ತರಗತಿಯಲ್ಲಿ ಹೇಗೆ ವಿವರಿಸಲಿ! ಮನುಷ್ಯಜಾತಿ ಒಂದೇ ಎಂಬ ಪಂಪನ ಆದಿಪುರಾಣದ ಮಾತನ್ನು ನಾವು ವೇದಿಕೆಗಳಲ್ಲಿ ಮೇಲಿಂದ ಮೇಲೆ ಆಡುತ್ತೇವೆ. ಅದನ್ನು ಆ ಕೋಣೆಯಲ್ಲಿ ಆಡಲು ನನಗೆ ಸಂಕೋಚವಾಯಿತು. ಒಪ್ಪಬೇಕಾದವಳು ಆಕೆ, ನಾನಲ್ಲ.

ಅಕ್ಕ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಪಂಚನಮಸ್ಕಾರ ಹೇಳಿಕೊಂಡಳು. "ಕೊಟ್ಟವರಿಗೆ ಒಳ್ಳೇದಾಗ್ಲಿ" ಎಂದು ಕೈ ಚಾಚಿದಳು. ಒಂದು ಬಾಟಲಿಗೆ ಹಿಮೋಗ್ಲೋಬಿನ್ ಸುಮಾರು ಒಂದು ಏರುತ್ತದೆ. ಮೂರು ದಿನದ ನಂತರ 7.5 ಇತ್ತು. ಉಳಿದದ್ದು ಕಬ್ಬಿಣದ ಗುಳಿಗೆಯ ಕೆಲಸ. ಅದರಿಂದಲೂ ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದು ವೈದ್ಯರು ಮೊದಲೇ ಹೇಳಿ ಕಳಿಸಿದರು. ಅಂಕಿ ಸರಿಯಾದ ಮೇಲೂ ಕಣಜ ತುಂಬಲು ಮೂರು ತಿಂಗಳು ನುಂಗಬೇಕು. ನೋವಿನ ಗುಳಿಗೆ ಬಂದ್.

ಹುಣ್ಣಿಗೆ ಕೊಟ್ಟದ್ದು ಒಮೆಪ್ರಜೋಲ್ ಕ್ಯಾಪ್ಸೂಲ್. ಅಕ್ಕ ಅದನ್ನು ಬೆಳಕಿಗೆ ಹಿಡಿದು ಇದರ ಸಿಪ್ಪೆ ಯಾವುದರದ್ದು ಎಂದು ಕೇಳಿದಳು. ಜೆಲಟಿನ್ ಸಾಮಾನ್ಯವಾಗಿ ಪ್ರಾಣಿಗಳ ಮೂಳೆ, ಚರ್ಮಗಳಿಂದ ಆಗುವಂಥದ್ದು. ವೈದ್ಯರಿಗೆ ಫೋನು ಮಾಡಿದೆ. ಅವರು ಬೇಸರಿಸದೆ ಅದೇ ಕೆಲಸ ಮಾಡುವ ಪ್ಯಾಂಟೊಪ್ರಜೋಲ್ ಗುಳಿಗೆಗೆ ಬದಲಿಸಿಕೊಟ್ಟರು. ಔಷಧಕ್ಕಾಗಿಯೂ ಮಾಂಸ ಸಲ್ಲದೆಂದು ಉಗ್ರಾದಿತ್ಯಾಚಾರ್ಯರು ನೃಪತುಂಗನ ಆಸ್ಥಾನದಲ್ಲಿ ವೈದ್ಯರ ಮುಂದೆ ವಾದಿಸಿದ್ದು ಅವರ ಸಂಸ್ಕೃತ ಕಲ್ಯಾಣಕಾರಕದ ಕೊನೆಯಲ್ಲಿರುವ ಹಿತಾಹಿತ ಪ್ರಕರಣದಲ್ಲಿದೆ. ಆ ವಾದದ ತರ್ಕವನ್ನು ಇಂದಿನ ಔಷಧಗಳ ಮುಂದಿಟ್ಟು ನೋಡುವುದಕ್ಕೆ ಬೇರೆಯೇ ಲೇಖನ ಬೇಕು. ಸದ್ಯ ಆ ಪ್ರಕರಣವನ್ನು ಮತ್ತೊಮ್ಮೆ ಓದುತ್ತಿದ್ದೇನೆ.